ಮುಖದ ಮೇಲಿನ ರವೆ

ನನ್ನ ಚಿಕ್ಕಪ್ಪನಿಗೆ ಫ್ಲಾಶ್ ಕಂಡರೆ ಆಗುತ್ತಿರಲಿಲ್ಲ. ಫೋಟೋ ತೆಗೆದೇ ಹೊಟ್ಟೆ ಹೊರೆಯುವ ಮನುಷ್ಯ. ಆದರೂ ಅಂಗಡಿಯ ಕಪಾಟಿನಲ್ಲಿ ಒಳ್ಳೆಯದೊಂದು ಫ್ಲಾಶ್ ಡಬ್ಬಿಯಿಂದ ಹೊರಗೆ ಬರದೆ ಧೂಳು ತಿನ್ನುತ್ತ ಕೂತಿತ್ತು. "ಫ್ಲಾಶ್ ಹೊಡೆದ್ರೆ ಮನುಷ್ಯನ ಮುಖ ಬರಲ್ಲ, ಮನುಷ್ಯ ಬೆಚ್ಚಿಬಿದ್ದ ಮುಖ ಬರುತ್ತೆ" ಎನ್ನುತ್ತಿದ್ದರು. ಮದುವೆಯಿರಲಿ, ನಿವೃತ್ತಿಯ ಬೀಳ್ಕೊಡುಗೆಯಿರಲಿ, ಶಾಲೆಯ ನಾಟಕವಿರಲಿ, ಆ ಸಭಾಂಗಣದಲ್ಲಿ ಇದ್ದಷ್ಟು ಬೆಳಕಿನಲ್ಲೇ ಅವರ ಕೆಲಸ. ಹಳದಿ ಬಲ್ಬು, ನೀಲಿ ಟ್ಯೂಬು, ಕಂಬದ ನೆರಳು, ಯಾವುದಕ್ಕೂ ಅವರು ಗೊಣಗಿದ್ದಿಲ್ಲ.

ಗೊಣಗುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂದಿತ್ತು. ಏಕೆಂದರೆ ಆ ಫೋಟೋಗಳನ್ನು ತೊಳೆದು ಮಡಿ ಮಾಡಿ ಗಿರಾಕಿಗಳ ಕೈಗೆ ಕೊಡುವವಳು ಅವಳು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಗೆ ಮುಂಚೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕಾಜಾ ಹೊಲಿಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಹಾಕುವ ತೂತುಗಳು ಮಾತ್ರ. ಅಂಗಿ ಇಡಿಯಾಗಿ ಹೇಗಿರುತ್ತದೆಂದು ನೋಡುವ ಪುರಸೊತ್ತೇ ಇರಲಿಲ್ಲ. ಹಾಗಾಗಿ ಅವಳ ಕಣ್ಣು ಚಿಕ್ಕದಕ್ಕೆ ಪಳಗಿತ್ತು. ಮದುವೆಯಾದ ಮೇಲೆ ಚಿಕ್ಕಪ್ಪ ಅವಳನ್ನು ಅಂಗಡಿಯ ಹಿಂದಿನ ಕೋಣೆಯ ಕಂಪ್ಯೂಟರ್ ಮುಂದೆ ಕೂರಿಸಿ, "ನೋಡು, ಇದು ಜೂಮ್, ಇದು ಹಿಂದಕ್ಕೆ. ತಪ್ಪು ಮಾಡಿದ್ರೆ ಹಿಂದಕ್ಕೆ ಒತ್ತು. ಜೀವನದಲ್ಲಿ ಇಲ್ಲದ ಸವಲತ್ತು ಇದು" ಎಂದರಂತೆ. ಅವಳು ಒಂದು ಮುಖವನ್ನು ಪರದೆ ತುಂಬ ದೊಡ್ಡದು ಮಾಡಿ, ಕೆನ್ನೆಯ ಮೇಲೆ ಕಣ್ಣಾಡಿಸಿ, "ಅಯ್ಯೋ, ಇದೇನ್ರೀ ಮುಖದ ಮೇಲೆಲ್ಲ ರವೆ ಚೆಲ್ಲಿದ್ದೀರಲ್ಲ!" ಎಂದು ಕೂಗಿದಳಂತೆ.

ಅಂದಿನಿಂದ ಆ ಅಂಗಡಿಯಲ್ಲಿ ಅದಕ್ಕೆ ರವೆ ಎಂದೇ ಹೆಸರು. ಅದನ್ನು ತೆಗೆಯುವುದಕ್ಕೆ ಜರಡಿ ಹಿಡಿಯುವುದು ಎಂದು ಹೆಸರು.

ರವೆ ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಚಿಕ್ಕಪ್ಪ ಹಳೆಯ ರೇಡಿಯೋದ ಉದಾಹರಣೆ ಕೊಟ್ಟಿದ್ದರು. ದೂರದ ಕೇಂದ್ರದ ದನಿ ಸಣ್ಣಗೆ ಕೇಳುತ್ತಿರುತ್ತದೆ, ನಾವು ಗುಂಡಿ ತಿರುಗಿಸಿ ಜೋರು ಮಾಡುತ್ತೇವೆ. ಹಾಡೂ ಜೋರಾಗುತ್ತದೆ, ಹಿಂದಿನ ಸರ್‍ರೆನ್ನುವ ಸದ್ದೂ ಜೋರಾಗುತ್ತದೆ. ಕ್ಯಾಮೆರಾದಲ್ಲೂ ಹಾಗೆಯೇ. ಬೆಳಕು ಕಡಿಮೆಯಿದ್ದರೆ ಇದ್ದ ಬೆಳಕನ್ನೇ ಅದು ಎಳೆದು ಹಿಗ್ಗಿಸಿ ದೊಡ್ಡದು ಮಾಡಬೇಕು. ಆಗ ಮುಖದ ಜತೆಗೆ ಆ ಸದ್ದೂ ಚುಕ್ಕೆ ಚುಕ್ಕೆಯಾಗಿ ಬಂದು ಕೂರುತ್ತದೆ. ನೆರಳಿದ್ದಲ್ಲಿ ಹೆಚ್ಚು. ಗಲ್ಲದ ಕೆಳಗೆ, ಕಿವಿಯ ಹಿಂದೆ, ಕಪ್ಪು ಕೋಟಿನ ಮಡಿಕೆಗಳಲ್ಲಿ.

ಅದನ್ನು ತೆಗೆಯುವುದು ಬೆಣ್ಣೆಯಿಂದ ಕೂದಲು ತೆಗೆಯುವಂಥ ಕೆಲಸ. ಚಿಕ್ಕಮ್ಮ ಮೊದಲು ಕೆಂಪು ಹಸಿರು ಚುಕ್ಕೆಗಳನ್ನು ಓಡಿಸುತ್ತಿದ್ದಳು. ಅವು ಹೋದರೆ ಯಾರಿಗೂ ನಷ್ಟವಿಲ್ಲ. ಆಮೇಲೆ ಹಿಂದಿನ ಗೋಡೆ, ಪರದೆ, ಕುರ್ಚಿ, ಇವುಗಳನ್ನು ಧಾರಾಳವಾಗಿ ಒರೆಸುತ್ತಿದ್ದಳು. ಮುಖಕ್ಕೆ ಬಂದಾಗ ಮಾತ್ರ ಕೈ ಬಿಗಿ. ಕೆನ್ನೆ, ಹಣೆಗೆ ಒಂದಿಷ್ಟು. ಹುಬ್ಬು, ರೆಪ್ಪೆ, ತುಟಿಯಂಚು, ಕೂದಲು, ಇವುಗಳಿಗೆ ಬೇಲಿ ಹಾಕಿ ಮುಟ್ಟದೆ ಬಿಡುತ್ತಿದ್ದಳು. ಜರಡಿಗೆ ಬುದ್ಧಿ ಇಲ್ಲ, ರವೆ ಯಾವುದು, ಚರ್ಮದ ಸುಕ್ಕು ಯಾವುದು ಅದಕ್ಕೆ ತಿಳಿಯದು. ಜಾಸ್ತಿ ಹಿಡಿದರೆ ಎರಡನ್ನೂ ಕೂಡಿಸಿ ಒರೆಸಿ, ಎದುರಿಗೆ ಮೇಣದ ಗೊಂಬೆಯೊಂದನ್ನು ನಿಲ್ಲಿಸಿಬಿಡುತ್ತದೆ.

ಈ ವಿಷಯಕ್ಕೆ ಗಂಡ ಹೆಂಡತಿಗೆ ದಿನವೂ ಜಗಳ. "ಮೂಗು ತಾಗಿಸ್ಕೊಂಡು ನೋಡಿದ್ರೆ ಚಂದ್ರನ ಮೇಲೂ ಗುಳಿ ಕಾಣುತ್ತೆ. ಪ್ರಿಂಟ್ ಹಾಕಿದಾಗ ಅರ್ಧ ರವೆ ತಾನಾಗೇ ಹೋಗುತ್ತೆ ಕಣೇ" ಎಂದು ಅವರು. "ಹೋಗೋದು ಅರ್ಧ. ಉಳಿದರ್ಧಕ್ಕೆ ಮಾತು ಕೇಳೋಳು ನಾನು" ಎಂದು ಇವಳು. ಊಟದ ಹೊತ್ತಿಗೆ ಜಗಳ ಮುಗಿಯುತ್ತಿತ್ತು, ಅಥವಾ ಮುಗಿಯದೆ ತಟ್ಟೆಯ ಪಕ್ಕದಲ್ಲಿ ಕೂತಿರುತ್ತಿತ್ತು.

ಚಿಕ್ಕಮ್ಮನದು ಒಂದು ವಿಚಿತ್ರ ಸಂಕೋಚ. ಪರದೆಯ ಮೇಲಿನ ಮುಖವನ್ನು ಬೇಕಾದಷ್ಟು ಹೊತ್ತು ನೋಡುತ್ತಿದ್ದಳು, ಎದುರಿಗೆ ನಿಂತ ಮುಖವನ್ನು ನೋಡಲು ಅವಳಿಂದಾಗುತ್ತಿರಲಿಲ್ಲ. ಗಿರಾಕಿ ಬಂದರೆ ಅವರ ಹೆಗಲಿಗೋ ಚೀಲಕ್ಕೋ ಮಾತು ಹೇಳಿ ಒಳಗೆ ಓಡುವಳು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನವನನ್ನು ಓರೆಗಣ್ಣಿನಲ್ಲಿ ನೋಡಿ ನನ್ನ ಕಿವಿಯಲ್ಲಿ, "ಇವನ ಎಡಗಿವಿ ಕೆಳಗೆ ಎರಡು ಮಚ್ಚೆ ಇದೆ ನೋಡು, ಒಂದು ಕಾಳುಮೆಣಸಿನಷ್ಟು" ಎಂದಳು. ಇದ್ದವು. "ಪರಿಚಯಾನಾ?" ಎಂದರೆ, "ಇಲ್ಲ ಕಣೇ, ಇವನ ಮದುವೇಲಿ ಜರಡಿ ಹಿಡಿದಿದ್ದೆ" ಎಂದಳು. ಹಾಗೆ ಅರ್ಧ ಊರಿನ ಮುಖ ಅವಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು, ನಮಸ್ಕಾರ ಹೇಳುವಷ್ಟು ಪರಿಚಯ ಯಾರೊಂದಿಗೂ ಇಲ್ಲ.

ಹೀಗಿರುವಾಗ ಒಂದು ವರ್ಷ ರವೆ ಹೆಚ್ಚಾಗತೊಡಗಿತು.

ಮೊದಲು ಅವಳು ಸಭಾಂಗಣಗಳನ್ನು ಬೈದಳು. ಕರೆಂಟು ಉಳಿಸಲೆಂದು ಎಲ್ಲರೂ ಮಂಕು ಬಲ್ಬು ಹಾಕಿಸಿದ್ದಾರೆ ಎಂದಳು. ಆಮೇಲೆ ಕ್ಯಾಮೆರಾವನ್ನು ಬೈದಳು. ಚಿಕ್ಕಪ್ಪ ತಕ್ಷಣ ಒಪ್ಪಿಕೊಂಡು, "ಹೌದು, ಅದಕ್ಕೂ ವಯಸ್ಸಾಯ್ತು" ಎಂದು ರಿಪೇರಿಯವನ ಬಳಿ ಒಯ್ದರು. ರಿಪೇರಿಯವನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, "ಕ್ಯಾಮೆರಾ ಗಟ್ಟಿಮುಟ್ಟಾಗಿದೆ, ನಿಮ್ಮನ್ನೂ ನನ್ನನ್ನೂ ಮುಗಿಸಿಯೇ ಹೋಗೋದು ಇದು" ಎಂದು ವಾಪಸು ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಸುಮ್ಮನೆ ಎಲ್ಲವನ್ನೂ ಬೈದದ್ದಾಯಿತು, ತನ್ನ ಕಣ್ಣಿನಲ್ಲೇ ದೋಷವಿರಬೇಕು ಎಂದುಕೊಂಡು ಚಿಕ್ಕಮ್ಮ ಹೊಸ ಕನ್ನಡಕ ಮಾಡಿಸಿದಳು. ಹೊಸ ಕನ್ನಡಕದಲ್ಲಿ ರವೆ ಇನ್ನೂ ಸ್ಪಷ್ಟವಾಗಿ ಕಂಡಿತು.

ಅದೇ ವರ್ಷ ಚಿಕ್ಕಪ್ಪ ಗುಂಡಿಯ ಅಂಗಿ ಬಿಟ್ಟು ಟೀ ಶರ್ಟು ಹಾಕತೊಡಗಿದ್ದು. "ಈಗ ಎಲ್ಲರೂ ಇದನ್ನೇ ಹಾಕೋದು, ವಯಸ್ಸು ಕಮ್ಮಿ ಕಾಣುತ್ತೆ" ಎಂದರು. ಚಹವನ್ನು ಅರ್ಧ ಲೋಟ ಸಾಕೆಂದರು. ಸಕ್ಕರೆ ಕಡಿಮೆ ಮಾಡಬೇಕಲ್ಲ ಎಂದು ಅದಕ್ಕೊಂದು ಕಾರಣ. ಯಾವುದೂ ಯಾವುದಕ್ಕೂ ಅಂಟಿದಂತೆ ಕಾಣಲಿಲ್ಲ. ಮನೆಯಲ್ಲಿ ಜತೆಗಿದ್ದವರನ್ನು ನಾವು ಕೈ ಚಾಚುವ ದೂರದಿಂದಲೂ ನೋಡುವುದಿಲ್ಲ, ಮೂಗು ತಾಗಿಸಿಯೂ ನೋಡುವುದಿಲ್ಲ. ಸುಮ್ಮನೆ ಇದ್ದಾರೆ ಎಂದುಕೊಂಡಿರುತ್ತೇವೆ.

ಬೀದಿಯ ತಿರುವಿನಲ್ಲಿ ಒಂದು ಬೇಕರಿ. ಅದನ್ನು ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸನ್ನು ಎಲ್ಲರೂ ಬೇಕರಿಯಮ್ಮ ಎನ್ನುತ್ತಿದ್ದರು. ದಪ್ಪ ತೋಳು, ಗಟ್ಟಿ ಗಂಟಲು, ಒಲೆಯ ಬಾಗಿಲು ತೆರೆದು ತೆರೆದು ಬಾಡಿದ ಮುಖ. ತುಟಿಯ ಪಕ್ಕದಲ್ಲಿ ಎಂದೋ ಸಿಡಿದ ಕಿಡಿಯ ಸಣ್ಣ ಬಿಳಿ ಕಲೆ. ಆ ವರ್ಷ ಬೇಕರಿಗೆ ಬಣ್ಣ ಹೊಡೆಸಿ, ಗೋಡೆಗೆ ಅಮ್ಮನದೊಂದು ದೊಡ್ಡ ಫೋಟೋ ಹಾಕಬೇಕೆಂದು ಮಕ್ಕಳು ಹಟ ಹಿಡಿದರು. ಚಿಕ್ಕಪ್ಪ ಒಂದು ಬೆಳಿಗ್ಗೆ ಬೇಕರಿಗೇ ಹೋಗಿ, ಬಾಗಿಲ ಪಕ್ಕದ ಮೇಜಿನ ಹಿಂದೆ ಆಕೆಯನ್ನು ನಿಲ್ಲಿಸಿ, ಬೀದಿಯಿಂದ ಒಳಕ್ಕೆ ಸುರಿಯುವ ಬಿಸಿಲಿನಲ್ಲಿ ಫೋಟೋ ತೆಗೆದುಕೊಂಡು ಬಂದರು. ಆಕೆ ಹಿಟ್ಟಿನ ಕೈಗಳನ್ನು ಚಪ್ಪಾಳೆ ತಟ್ಟಿದಂತೆ ಕೊಡವಿ ನಗುತ್ತಿದ್ದಳು.

ಚಿಕ್ಕಮ್ಮ ಅದನ್ನು ಪರದೆಯ ಮೇಲೆ ತೆರೆದಳು. ರವೆ. ಗಲ್ಲದ ಕೆಳಗೆ ಮಾತ್ರವಲ್ಲ, ಹಣೆಯ ಮೇಲೂ.

ಬೆಳಗಿನ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ರವೆ ಯಾಕೆ? ಅವಳು ಗೊಣಗಿಕೊಂಡೇ ಜರಡಿ ಹಿಡಿದಳು. ಹಣೆ ಆಯಿತು, ಗೋಡೆ ಆಯಿತು. ಕೈಗಳ ಮೇಲಿನ ಗಾಳಿಯಲ್ಲಿ ಮಾತ್ರ ಬಿಳಿ ಚುಕ್ಕೆಗಳು ಎಷ್ಟು ಒರೆಸಿದರೂ ಹೋಗಲಿಲ್ಲ. ಇನ್ನಷ್ಟು ದೊಡ್ಡದು ಮಾಡಿ ನೋಡಿದಳು. ಅವು ರವೆಯಲ್ಲ, ನಿಜವಾದ ಹಿಟ್ಟು. ಬೇಕರಿಯಮ್ಮ ಕೈ ಕೊಡವಿದಾಗ ಹಾರಿದ ಹಿಟ್ಟು, ಒಂದೊಂದು ಕಣವೂ ಬೇರೆ ಬೇರೆಯಾಗಿ, ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು.

ಚಿಕ್ಕಮ್ಮ ಮೌಸಿನಿಂದ ಕೈ ತೆಗೆದಳು. ಹಾರುವ ಹಿಟ್ಟು ಫೋಟೋದಲ್ಲಿ ಮಂಜಿನಂತೆ ಮಸುಕಾಗಿ ಬರಬೇಕು. ಹೀಗೆ ನಿಲ್ಲಬೇಕಾದರೆ ಕ್ಯಾಮೆರಾದ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ನೂರು ಪಾಲು ಬೇಗ ಮುಚ್ಚಿರಬೇಕು. ಓಟದ ಕುದುರೆಯನ್ನು ಹಿಡಿಯಲು ಇಡುವ ವೇಗ ಅದು. ಅಷ್ಟು ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕು ಚಿಟಿಕೆಯಷ್ಟು. ಅದನ್ನು ಎಳೆದು ಹಿಗ್ಗಿಸಿದ್ದಕ್ಕೇ ಬಿಸಿಲಿನಲ್ಲೂ ರವೆ ಬಂದದ್ದು. ಕುದುರೆ ಸರಿ. ನಿಂತಲ್ಲೇ ನಿಂತಿದ್ದ ಬೇಕರಿಯಮ್ಮನಿಗೆ ಇಷ್ಟು ವೇಗ ಯಾಕೆ?

ಎದುರಿಗಿರುವುದು ಅಲುಗಾಡದಿದ್ದರೆ, ಅಲುಗಾಡುತ್ತಿದ್ದುದು ಇನ್ನೇನು?

ಅವಳು ಎದ್ದು ಹೊರಗಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಚಿಕ್ಕಪ್ಪ ಗಲ್ಲಾದ ಹಿಂದೆ ಬೆನ್ನು ಹಾಕಿ ನಿಂತು ಚಹ ಕುಡಿಯುತ್ತಿದ್ದರು. ಲೋಟವನ್ನು ಎರಡೂ ಕೈಗಳಲ್ಲಿ, ಚಳಿಯಲ್ಲಿ ಹಿಡಿದುಕೊಳ್ಳುವಂತೆ ಹಿಡಿದಿದ್ದರು. ಚಳಿಯೇನೂ ಇರಲಿಲ್ಲ. ಆದರೂ ಲೋಟದ ಅಂಚು ಹಲ್ಲಿಗೆ ತಾಗಿ ಸಣ್ಣಗೆ ಟಿಣಿಟಿಣಿ ಎಂದಿತು. ಚಿಕ್ಕಮ್ಮ ಬಂದಷ್ಟೇ ಮೆಲ್ಲಗೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಳು.

ಕೇಳಬಹುದಿತ್ತು. ಕೇಳಲಿಲ್ಲ. ಆ ಹೊತ್ತಿನಲ್ಲಿ ತನಗೆ ತೋಚಿದ್ದು ಒಂದೇ ಕೆಲಸ ಎಂದು ಆಮೇಲೆ ನನಗೆ ಹೇಳಿದಳು: ಈ ರವೆಯನ್ನು ಯಾರಿಗೂ ಕಾಣದಂತೆ ತೆಗೆದುಬಿಡಬೇಕು. ರವೆ ಹೋದರೆ ಅದಕ್ಕೆ ಕಾರಣವಾದದ್ದೂ ಹೋದೀತು ಎನ್ನುವ ಹುಚ್ಚು. ಹಾಗೆ ಕೆಲವು ವಾರ ಆ ಅಂಗಡಿಯಲ್ಲಿ ಒಂದು ಮೌನದ ವ್ಯಾಪಾರ ನಡೆಯಿತು. ಅವರು ಕೈಯ ನಡುಕವನ್ನು ವೇಗದ ಹಿಂದೆ ಬಚ್ಚಿಟ್ಟರು, ವೇಗ ರವೆಯಾಗಿ ಬಂತು, ಇವಳು ರವೆಯನ್ನು ಜರಡಿಯ ಹಿಂದೆ ಬಚ್ಚಿಟ್ಟಳು. ಗಿರಾಕಿಗಳು ಸಂತೋಷವಾಗಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡು ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಇದ್ದರು. ಜಗಳವೂ ನಿಂತುಹೋಗಿತ್ತು. ಅದನ್ನು ನೋಡಿ ನನ್ನ ಅಮ್ಮ, "ಏನೇ, ಇವರಿಬ್ಬರೂ ಇಷ್ಟು ಚೆನ್ನಾಗಿದ್ದಾರಲ್ಲ, ಏನಾಗಿದೆಯೋ ಏನೋ" ಎಂದು ಗಾಬರಿಯಾದಳು.

ಬೇಕರಿಯಮ್ಮನ ಫೋಟೋ ದೊಡ್ಡದಾಗಿ ಪ್ರಿಂಟಾಗಿ, ಚೌಕಟ್ಟು ಹಾಕಿಸಿಕೊಂಡು ಸಿದ್ಧವಾಯಿತು. ಆಕೆ ನೋಡಲು ತಾನೇ ಬಂದಳು. ಚಿಕ್ಕಪ್ಪ ಕಾಗದ ಬಿಚ್ಚಿ ಗಲ್ಲಾದ ಮೇಲೆ ನಿಲ್ಲಿಸಿದರು. ಆಕೆ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದಳು, ಮುಂದೆ ಬಂದು ನೋಡಿದಳು, ತಲೆ ಓರೆ ಮಾಡಿ ನೋಡಿದಳು.

"ಯಾರಪ್ಪ ಇವಳು?" ಎಂದಳು.

"ನೀವೇ ಅಲ್ವಾ!" ಎಂದರು ಚಿಕ್ಕಪ್ಪ.

"ನನ್ನ ತಂಗಿ ಇರ್ಬೇಕು. ಆದ್ರೆ ನನಗೆ ತಂಗಿ ಇಲ್ವಲ್ಲ!" ಎಂದು ಆಕೆ ಗಹಗಹಿಸಿ ನಕ್ಕಳು. ನಗು ನಿಂತ ಮೇಲೆ ತನ್ನ ಕೆನ್ನೆಯನ್ನು ಮುಟ್ಟಿಕೊಂಡು, "ಚೆನ್ನಾಗೇನೋ ಇದಾಳೆ. ಆದ್ರೆ ಈ ಮುಖ ಒಂದು ದಿನಾನೂ ಒಲೆ ಮುಂದೆ ನಿಂತಿಲ್ಲಪ್ಪ. ಇದನ್ನ ಗೋಡೆಗೆ ಹಾಕಿದ್ರೆ ಬಂದವರು ಬೇಕರಿ ಮಾರಿಬಿಟ್ರಾ ಅಂತ ಕೇಳ್ತಾರೆ" ಎಂದಳು.

ಚಿಕ್ಕಪ್ಪ ಫೋಟೋವನ್ನು ಆಗಲೇ ಸರಿಯಾಗಿ ನೋಡಿದ್ದು. ಸುಕ್ಕಿಲ್ಲ, ಕಲೆಯಿಲ್ಲ, ನಕ್ಕಾಗ ಕಣ್ಣಿನ ಪಕ್ಕ ಮೂಡುವ ಗೆರೆಗಳಿಲ್ಲ. ಗಾಳಿಯಲ್ಲಿದ್ದ ಹಿಟ್ಟನ್ನೂ ಚಿಕ್ಕಮ್ಮ ಒಂದೊಂದಾಗಿ ಆರಿಸಿ ತೆಗೆದಿದ್ದಳು. ಅವರಿಗೆ ನಖಶಿಖಾಂತ ಕೋಪ ಬಂತು. ಗಿರಾಕಿಯ ಎದುರಿಗೇ ಒಳಗಿನ ಕೋಣೆಯತ್ತ ತಿರುಗಿ, "ಜರಡಿ ಹಿಡಿ ಅಂದ್ರೆ ಹಿಟ್ಟನ್ನೇ ಚೆಲ್ಲಿಬಿಟ್ಟೆಯಲ್ಲೇ! ಇಷ್ಟು ವರ್ಷ ಕಲಿತದ್ದು ಇದೇನಾ?" ಎಂದು ಕೂಗಿದರು.

ಚಿಕ್ಕಮ್ಮ ಹೊರಗೆ ಬಂದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಬೇಕರಿಯಮ್ಮನ ಚೀಲವನ್ನು ನೋಡುತ್ತ, "ತಪ್ಪಾಯ್ತು. ನನ್ನ ಕೈ ಜಾಸ್ತಿ ಆಯ್ತು. ಬೇರೆ ತೆಗೆದುಕೊಡ್ತೀವಿ" ಎಂದಳು ಅಷ್ಟೇ. ಬೇಕರಿಯಮ್ಮ ಇಬ್ಬರ ಮುಖವನ್ನೂ ನೋಡಿ, ಇದು ಫೋಟೋದ ಜಗಳವಲ್ಲ ಎಂದು ತಿಳಿದವಳಂತೆ, ಬನ್ನಿನ ಪೊಟ್ಟಣವೊಂದನ್ನು ಗಲ್ಲಾದ ಮೇಲಿಟ್ಟು ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ಚಿಕ್ಕಮ್ಮ ಹೇಳಿದಳು: "ಹಿಟ್ಟು ಗಾಳೀಲಿ ನಿಂತಿತ್ತು ರೀ."

"ಯಾವ ಹಿಟ್ಟು?"

"ಆಯಮ್ಮ ಕೈ ಕೊಡವಿದ ಹಿಟ್ಟು. ಕಾಳು ಕಾಳಾಗಿ ನಿಂತಿತ್ತು. ಆಕೆ ಎಲ್ಲಿಗೂ ಓಡ್ತಿರಲಿಲ್ಲವಲ್ಲ, ಅಷ್ಟು ಬೇಗ ಯಾಕೆ ಹೊಡೆದ್ರಿ?"

ಚಿಕ್ಕಪ್ಪ ಚೌಕಟ್ಟಿಗೆ ಮತ್ತೆ ಕಾಗದ ಸುತ್ತತೊಡಗಿದರು. ಕಾಗದ ಪರಪರ ಎಂದಿತು.

"ಕೈ ತೋರ್ಸಿ."

ಅವರು ಬಲಗೈಯನ್ನು ಜೇಬಿಗೆ ಸೇರಿಸಿ ಎಡಗೈ ಚಾಚಿದರು.

"ಅದಲ್ಲ."

ಬಲಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಚಾಚಿದ ಕೂಡಲೇ ಬೆರಳುಗಳು ಸಣ್ಣಗೆ, ನೀರಿನ ಮೇಲಿನ ಎಲೆಯಂತೆ ಅದುರತೊಡಗಿದವು. ಚಿಕ್ಕಮ್ಮ ಆ ಕೈಯನ್ನು ಹಿಡಿದುಕೊಂಡಳು. ಹಿಡಿದಾಗ ನಿಂತಿತು. ಬಿಟ್ಟಾಗ ಮತ್ತೆ ಶುರುವಾಯಿತು.

"ಯಾವಾಗ ಗೊತ್ತಾಯ್ತು?" ಎಂದರು ಅವರು.

"ಆ ಹಿಟ್ಟು ನೋಡಿದಾಗ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀವು ಯಾಕೆ ಹೇಳಲಿಲ್ಲ?"

ಇಬ್ಬರೂ ಬನ್ನಿನ ಪೊಟ್ಟಣ ಬಿಚ್ಚಿ, ಗಲ್ಲಾದ ಎರಡು ಕಡೆ ಕೂತು ತಿಂದರಂತೆ. "ಹಸಿವೇನೂ ಇರಲಿಲ್ಲ. ಬಾಯಿಗೆ ಏನಾದ್ರೂ ಕೆಲಸ ಬೇಕಿತ್ತು" ಎಂದಳು ಚಿಕ್ಕಮ್ಮ.

ಮಾರನೆಯ ದಿನವೇ ಡಾಕ್ಟರ ಬಳಿ ಹೋದರು. ಡಾಕ್ಟರು ಚಿಕ್ಕಪ್ಪನಿಂದ ಸುರುಳಿ ಬರೆಸಿದರು, ನೀರಿನ ಲೋಟ ಎತ್ತಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು. ಕೈಗೆ ಕೆಲಸ ಕೊಟ್ಟಾಗಲೇ ಬರುವ ನಡುಕ ಇದು, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ, ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬರುತ್ತದೆ ಎಂದರು. ಮನೆತನದಲ್ಲಿ ಇನ್ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಚಿಕ್ಕಪ್ಪ ಇಲ್ಲವೆಂದರು. ಆಮೇಲೆ ಮೆಟ್ಟಿಲು ಇಳಿಯುವಾಗ ನಡುವೆ ನಿಂತುಬಿಟ್ಟರು.

"ನಮ್ಮಮ್ಮ ಬಡಿಸುವಾಗ ಸೌಟು ಪಾತ್ರೆಗೆ ಟಕಟಕ ಅಂತ ಬಡೀತಿತ್ತು ಕಣೇ" ಎಂದರು. "ನಾವು ಮಕ್ಕಳೆಲ್ಲ ಅದನ್ನ ಕೋಪ ಅಂದ್ಕೊಂಡಿದ್ವಿ. ಅಮ್ಮ ಇವತ್ತು ಸಿಟ್ಟಲ್ಲಿದಾಳೆ ಅಂತ ಸದ್ದಿಲ್ಲದೆ ತಿಂದು ಏಳ್ತಿದ್ವಿ."

ಇದಾದ ಮೇಲೆ ಎಲ್ಲವೂ ಸರಾಗವಾಯಿತು ಎಂದರೆ ಸುಳ್ಳಾಗುತ್ತದೆ. ಮಾತ್ರೆ ಅರ್ಧಂಬರ್ಧ ನಾಟಿತು. ಚಿಕ್ಕಮ್ಮ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ತೆಗೆಯಿರಿ ಎಂದಾಗ ಚಿಕ್ಕಪ್ಪ, "ನಾನೇನು ಸರ್ವೆ ಮಾಡೋನಾ? ಮುಖ ಎತ್ತ ತಿರುಗುತ್ತೋ ಅತ್ತ ಕೈ ತಿರುಗಬೇಕು" ಎಂದು ಮುನಿಸಿಕೊಂಡರು. ಬೀಳ್ಕೊಡುಗೆಯೊಂದಕ್ಕೆ ಹಟ ಹಿಡಿದು ಹೋಗಿ, ಮಸುಕು ಮಸುಕಾದ ಫೋಟೋಗಳನ್ನು ತಂದರು. ಈ ಸಲ ವೇಗದ ಮೊರೆ ಹೋಗದೆ, ಬೇಕೆಂದೇ ನಿಧಾನಕ್ಕೆ ತೆಗೆದಿದ್ದರು. ಚಿಕ್ಕಮ್ಮನಿಂದ ಬಚ್ಚಿಡುವುದೇನೂ ಉಳಿದಿಲ್ಲ ಎಂದು ತೋರಿಸಲೋ, ತಮಗೆ ತಾವೇ ತೋರಿಸಿಕೊಳ್ಳಲೋ ಗೊತ್ತಿಲ್ಲ. ರವೆಯಿದ್ದ ಮುಖವನ್ನು ಉಳಿಸಬಹುದು, ಅಲುಗಿದ ಮುಖವನ್ನು ಉಳಿಸುವ ಜರಡಿ ಇಲ್ಲ. ಆ ಮನೆಯವರಿಗೆ ಕ್ಷಮೆ ಕೇಳಿ ಬಂದವರು ಕ್ಯಾಮೆರಾವನ್ನು ಫ್ಲಾಶಿನ ಪಕ್ಕದಲ್ಲಿ ಕಪಾಟಿಗೆ ಹಾಕಿದರು. ಅಂಗಡಿ ತೆರೆಯುತ್ತಿದ್ದರು, ಕೂರುತ್ತಿದ್ದರು, ಯಾರಾದರೂ ಬಂದರೆ "ಈಗ ಆಗಲ್ಲ" ಎನ್ನುತ್ತಿದ್ದರು. ಸಭಾಂಗಣದ ಕೆಲಸಗಳು ಒಂದೊಂದಾಗಿ ಬೇರೆ ಫೋಟೋದವರ ಪಾಲಾದವು. ಅವು ಮತ್ತೆಂದೂ ಹಿಂದಿರುಗಲಿಲ್ಲ.

ಆ ದಿನಗಳಲ್ಲಿ ಚಿಕ್ಕಮ್ಮ ಒಂದು ಕೆಲಸ ಮಾಡಿದಳು. ಅವಳು ಕೂರುತ್ತಿದ್ದ ಹಿಂದಿನ ಕೋಣೆಗೆ ದೊಡ್ಡದೊಂದು ಕಿಟಕಿಯಿತ್ತು. ಪರದೆಯ ಬಣ್ಣ ಸರಿಯಾಗಿ ಕಾಣಲೆಂದು ಅದಕ್ಕೆ ವರ್ಷಗಳಿಂದ ಕಪ್ಪು ಕಾಗದ ಅಂಟಿಸಿದ್ದರು. ಅವಳು ಆ ಕಾಗದವನ್ನು ನೀರು ಹಚ್ಚಿ ನೆನೆಸಿ, ಉಗುರಿನಿಂದ ಕೆರೆದು ತೆಗೆದಳು. ಕಂಪ್ಯೂಟರನ್ನು ಹೊರಗಿನ ಗಲ್ಲಾದ ಮೂಲೆಗೆ ಎಳೆದಳು. ಕಿಟಕಿಯಿಂದ ಹದವಾದ, ಒಂದೇ ಕಡೆಯಿಂದ ಬರುವ ಬೆಳಕು ಕೋಣೆ ತುಂಬಿತು. ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ ಹಾಕಿ, ಎದುರಿಗೆ ಸ್ಟ್ಯಾಂಡು ನಿಲ್ಲಿಸಿ, ಬೇಕರಿಗೆ ನಡೆದಳು. ಗಿರಾಕಿಯನ್ನು ಕರೆಯಲು ಅವಳಾಗಿಯೇ ಹೋದದ್ದು ಅದೇ ಮೊದಲು.

"ನಿಮಗೊಂದು ಫೋಟೋ ಬಾಕಿ ಇದೆ. ಬರ್ತೀರಾ?"

"ನನ್ನ ಮುಖ ನೋಡಿ ಕೇಳಿದ್ರೆ ಬರ್ತೀನಿ" ಎಂದಳು ಬೇಕರಿಯಮ್ಮ. ಆಕೆಗೆ ಎಲ್ಲವೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಚಿಕ್ಕಮ್ಮ ಕತ್ತೆತ್ತಿ ನೋಡಿದಳು. ಪರದೆಯಲ್ಲಿ ಎಷ್ಟೋ ಸಲ ಕಂಡಿದ್ದ ಮುಖ. ಆದರೆ ಪರದೆಯ ಮೇಲಿನ ಮುಖ ತಿರುಗಿ ನಮ್ಮನ್ನು ನೋಡುವುದಿಲ್ಲ. "ಬನ್ನಿ" ಎಂದಳು ಮತ್ತೊಮ್ಮೆ.

ಆಕೆ ಬಂದು ಕುರ್ಚಿಯಲ್ಲಿ ಕೂತಾಗ ಚಿಕ್ಕಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕ್ಯಾಮೆರಾ ತೆಗೆದು ಸ್ಟ್ಯಾಂಡಿಗೆ ಹಾಕಿದರು. ತಿರುಪು ಬಿಗಿ ಮಾಡಲು ಬೆರಳು ಒಗ್ಗಲಿಲ್ಲ. ಚಿಕ್ಕಮ್ಮ ಬಿಗಿ ಮಾಡಿದಳು. ಗುಂಡಿ ಒತ್ತಿದರೆ ಕೈಯ ಅದುರು ಸ್ಟ್ಯಾಂಡಿಗೂ ಇಳಿಯುತ್ತಿತ್ತು. ವೈರಿನ ಗುಂಡಿಯೊಂದನ್ನು ಜೋಡಿಸಿ ಅದನ್ನೂ ಅವಳೇ ಹಿಡಿದಳು. ಹಾಗಾಗಿ ಚಿಕ್ಕಪ್ಪನಿಗೆ ಏನೂ ಕೆಲಸ ಉಳಿಯಲಿಲ್ಲ. ಅವರು ಒಂದು ಮಣೆ ಎಳೆದುಕೊಂಡು ಬೇಕರಿಯಮ್ಮನ ಎದುರಿಗೆ ಕೂತರು. ಕಣ್ಣಿಗೆ ಕ್ಯಾಮೆರಾ ಅಡ್ಡವಿಲ್ಲದೆ ಗಿರಾಕಿಯ ಎದುರು ಅವರು ಕೂತದ್ದು ಬಹುಶಃ ಅಂದೇ ಮೊದಲು. ಸುಮ್ಮನೆ ಮಾತಿಗೆ ಶುರು ಮಾಡಿದರು. ಮೊದಲ ದಿನ ಎಷ್ಟು ಬ್ರೆಡ್ ಸುಟ್ಟು ಕರಕಲಾಗಿತ್ತು ಎಂದು ಕೇಳಿದರು. ಆಕೆ ಹೇಳಿದಳು. ಸುಟ್ಟದ್ದನ್ನು ಯಾರಿಗೆ ಮಾರಿದಿರಿ ಎಂದು ಕೇಳಿದರು.

"ನಿಮ್ಮಪ್ಪಂಗೇ! ಗಟ್ಟಿ ಬ್ರೆಡ್ಡೇ ಹಲ್ಲಿಗೆ ಒಳ್ಳೇದು ಅಂತ ಹೇಳಿ ಕೊಟ್ಟೆ. ಎರಡು ವಾರ ತಗೊಂಡ್ರು ಪಾಪ!"

ಮೊದಲ ಕೆಲವು ಫೋಟೋಗಳು ಮಸುಕಾದವು. ಈ ಸಲ ಅಲುಗಿದ್ದು ಕ್ಯಾಮೆರಾ ಅಲ್ಲ, ನಗುತ್ತ ಕುಲುಕುತ್ತಿದ್ದ ಬೇಕರಿಯಮ್ಮ. ಚಿಕ್ಕಮ್ಮ ವೇಗವನ್ನು ಒಂದು ಮೆಟ್ಟಿಲು ಏರಿಸಿದಳು. ಚಿಕ್ಕಪ್ಪ ತಿರುಗದೆಯೇ, "ರವೆ ಬರುತ್ತೆ ನೋಡು" ಎಂದರು. "ಬರ್ಲಿ, ಸ್ವಲ್ಪ" ಎಂದಳು ಅವಳು.

ಹಾಗೆ ಬಂದ ಫೋಟೋಗೆ ಜರಡಿ ಹಿಡಿಯುವಾಗ ಅವಳು ಹಿಂದಿನ ಗೋಡೆಯನ್ನು ಒರೆಸಿದಳು, ಬಣ್ಣದ ಚುಕ್ಕೆಗಳನ್ನು ತೆಗೆದಳು. ಮುಖಕ್ಕೆ ಬಂದಾಗ ಅರ್ಧದಲ್ಲಿ ನಿಲ್ಲಿಸಿದಳು. ಕೆನ್ನೆಯ ಮೇಲೆ ಉಳಿದ ಸಣ್ಣ ರವೆ ಒಲೆಯ ಶಾಖ ತಾಗಿದ ಚರ್ಮದಂತೆಯೇ ಇತ್ತು. ತುಟಿಯ ಪಕ್ಕದ ಕಲೆ ಇತ್ತು. ಈಗ ಆ ಫೋಟೋ ಬೇಕರಿಯ ಗೋಡೆಯ ಮೇಲಿದೆ. ಬೇಕರಿಯಮ್ಮ ಅದರ ಕೆಳಗೇ ನಿಂತು ಚಿಲ್ಲರೆ ಎಣಿಸುತ್ತಾಳೆ. ಬಂದವರು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡುತ್ತಾರೆ.

ಅಲ್ಲಿಂದಾಚೆ ಆ ಕಿಟಕಿಯ ಕೋಣೆಗೆ ಜನ ಬರತೊಡಗಿದರು. ಸಾಲುಗಟ್ಟಿ ಏನಲ್ಲ. ಮುಖದ ಫೋಟೋ ಬೇಕಾದವರು, ಅದಕ್ಕೆ ಅರ್ಧ ಬೆಳಿಗ್ಗೆ ಕೊಡಲು ಸಿದ್ಧರಿದ್ದವರು. ಚಿಕ್ಕಪ್ಪ ಮಾತಾಡಿಸುತ್ತಾರೆ, ಚಿಕ್ಕಮ್ಮ ಒತ್ತುತ್ತಾಳೆ. ಮೊದಮೊದಲು ಅವರು "ಈಗ" ಎಂದಾಗ ಒತ್ತುತ್ತಿದ್ದಳು. ಒಂದು ದಿನ ಅವರು "ಈಗ" ಎನ್ನುವ ಮುಂಚೆಯೇ ಒತ್ತಿದಳು. ಅಂದು ಚೆನ್ನಾಗಿ ಬಂದದ್ದು ಅದೇ. ಚಿಕ್ಕಪ್ಪ ಅರ್ಧ ದಿನ ಮಾತು ಬಿಟ್ಟು, ಸಂಜೆ ತಾವಾಗಿಯೇ, "ಇನ್ಮೇಲೆ ನಾನು ಹೇಳಲ್ಲ, ನೀನೇ ನೋಡ್ಕೋ" ಎಂದರಂತೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಬೀದಿಗೆ ಇಳಿಯುವ ಆಸೆ ಅವರಿಗೆ ಇನ್ನೂ ಹೋಗಿಲ್ಲ. ಮೆರವಣಿಗೆಯೇನಾದರೂ ಹೋದರೆ ಬಾಗಿಲಿಗೆ ಬಂದು, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು, ಅದು ತಿರುವು ದಾಟುವವರೆಗೆ ನೋಡುತ್ತಾರೆ. ಆಗ ಚಿಕ್ಕಮ್ಮ ಅವರನ್ನು ಕರೆಯುವುದಿಲ್ಲ.

ಈಚೆಗೆ ತಾನಾಗಿ ರವೆ ತೆಗೆಯುವ ಹೊಸ ಸಾಫ್ಟ್‌ವೇರ್ ಬಂದಿದೆ. ಒಂದು ಗುಂಡಿ ಒತ್ತಿದರೆ ಸಾಕು. ನಾನೇ ಹಾಕಿಕೊಟ್ಟೆ. ಚಿಕ್ಕಮ್ಮ ಒಂದು ಹಳೆಯ ಮುಖದ ಮೇಲೆ ಒತ್ತಿ ನೋಡಿ, ದಂಗಾಗಿ, ಆಮೇಲೆ ದೊಡ್ಡದು ಮಾಡಿ ನೋಡಿದಳು. "ಒಳ್ಳೇ ಕೆಲಸಗಾರ. ಆದ್ರೆ ಸ್ವಲ್ಪ ಸುಳ್ಳ. ಈ ಅಜ್ಜನಿಗೆ ಇಲ್ಲದ ರೆಪ್ಪೆ ಹಚ್ಚಿದಾನೆ ನೋಡು" ಎಂದಳು. ಗೋಡೆ, ಪರದೆಗಳಿಗೆ ಅವನನ್ನೇ ಇಟ್ಟುಕೊಂಡಿದ್ದಾಳೆ. ಮುಖದ ಬಳಿ ಬಿಡುವುದಿಲ್ಲ.

ಹೋದ ತಿಂಗಳು ನನಗೊಂದು ಫೋಟೋ ಬೇಕಾಯಿತು. ಹೊಸ ಕೆಲಸದ ಗುರುತಿನ ಚೀಟಿಗೆ, ಬೆರಳಿನುಗುರಿನಷ್ಟು ಮುಖ. ಫೋನಿನಲ್ಲೇ ತೆಗೆದುಕೊಳ್ಳಬಹುದಿತ್ತು, ಆದರೂ ಹೋದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಹೊರಗೆ ಮೋಡ ಕವಿದಿತ್ತು. ಚಿಕ್ಕಮ್ಮ ಕ್ಯಾಮೆರಾದ ಹಿಂದೆ ನಿಂತು ನನ್ನನ್ನು ನೇರವಾಗಿ, ಎವೆಯಿಕ್ಕದೆ ನೋಡುತ್ತಿದ್ದಳು. ಹಾಗೆ ನೋಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

"ಗಲ್ಲ ಸ್ವಲ್ಪ ಕೆಳಗೆ. ನಿಮ್ಮಮ್ಮನ ಥರ ಬಿಗ್ಕೋಬೇಡ" ಎಂದಳು.

ಚಿಕ್ಕಪ್ಪ ಎದುರಿಗೆ ಕೂತು, ನಾನು ಚಿಕ್ಕವಳಿದ್ದಾಗ ಅವರ ಬೂಟಿನಲ್ಲಿ ನೀರು ತುಂಬಿ ಮೀನು ಸಾಕಲು ಹೊರಟಿದ್ದ ಕಥೆಯನ್ನು ಶುರು ಮಾಡಿದರು. ಹೇಳುತ್ತ ಹೇಳುತ್ತ ಕೈ ಎತ್ತಿ ಮೀನು ಹೇಗೆ ಒದ್ದಾಡಿತೆಂದು ತೋರಿಸಿದರು. ಬೆರಳುಗಳು ತಾವಾಗಿಯೇ ಅದುರಿದವು. "ನೋಡು, ಮೀನಿಗೆ ಇಷ್ಟು ಒಳ್ಳೇ ನಟ ಎಲ್ಲೂ ಸಿಗಲ್ಲ" ಎಂದು ಅವರೇ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಿಂದಿನಿಂದ ಚಿಕ್ಕಮ್ಮನ ನಗು ಕೇಳಿಸಿತು, ಆಮೇಲೆ ನನ್ನದೂ ಬಂತು.

"ತೆಗೆದ್ಯಾ?" ಎಂದೆ.

"ತಡಿಯೇ, ಮೋಡ ಹೋಗ್ಲಿ" ಎಂದಳು ಚಿಕ್ಕಮ್ಮ. ಮೂವರೂ ಕಿಟಕಿಯ ಕಡೆ ನೋಡುತ್ತ ಕಾದೆವು.